ಹೋಬಾರ್ಟ್‌ನ ಹಳೇ ಸಿನಗಾಗ್ ಬಗ್ಗೆ ಅಪ್ಪ ಅಮ್ಮನಿಗೆ

ಹೋಬಾರ್ಟ್, ಟಾಸ್ಮೇನಿಯಾ

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರ. ನಾನು ಆರಾಮಾಗಿದೀನಿ, ಚಳಿ ಜಾಸ್ತಿ ಅಷ್ಟೇ.

ಅಪ್ಪ, ಆಸ್ಟ್ರೇಲಿಯಾದಲ್ಲಿ ನೋಡೋಕೆ ಹಳೇದು ಅಂತ ಏನಿರುತ್ತೆ ಅಂದಿದ್ರಲ್ಲ, ಫೋನಲ್ಲಿ ಹೇಳಿದ್ರೆ ಮುಗಿಯಲ್ಲ ಅಂತ ಬರೀತಿದೀನಿ. ಇಲ್ಲಿ ಊರ ಮಧ್ಯೆ ಆರ್ಗೈಲ್ ಸ್ಟ್ರೀಟಲ್ಲಿ ಯಹೂದಿಗಳ ಒಂದು ಪ್ರಾರ್ಥನಾ ಮಂದಿರ ಇದೆ, ಸಿನಗಾಗ್ ಅಂತಾರೆ. 1843ರ ಆಗಸ್ಟಲ್ಲಿ ಅಡಿಗಲ್ಲು ಹಾಕಿ 1845ರ ಜುಲೈ 4ಕ್ಕೆ ಪ್ರಾರಂಭೋತ್ಸವ ಮಾಡಿದ್ದು. ಸಿಡ್ನಿಯಲ್ಲಿ ಇದಕ್ಕಿಂತ ಒಂದು ವರ್ಷ ಮುಂಚೆ ಒಂದು ಶುರುವಾಗಿತ್ತು, ಅದು ಈಗಿಲ್ಲ, ಹಾಗಾಗಿ ಇಡೀ ಆಸ್ಟ್ರೇಲಿಯಾದಲ್ಲಿ ಉಳಿದಿರೋದ್ರಲ್ಲಿ ಇದೇ ಎಲ್ಲಕ್ಕಿಂತ ಹಳೇದು. ಟಾಸ್ಮೇನಿಯಾದ ಹೆರಿಟೇಜ್ ರಿಜಿಸ್ಟರಲ್ಲೂ ಇದೆ.

ಆಗ ಈ ದ್ವೀಪಕ್ಕೆ ಟಾಸ್ಮೇನಿಯಾ ಅನ್ನೋ ಹೆಸರು ಇರ್ಲಿಲ್ಲ, ವಾನ್ ಡೀಮನ್ಸ್ ಲ್ಯಾಂಡ್ ಅಂತಿದ್ರು. ಬ್ರಿಟಿಷರು ನಮ್ಮೋರನ್ನ ಅಂಡಮಾನಿಗೆ ಕರಿನೀರಿನ ಶಿಕ್ಷೆ ಅಂತ ಕಳಿಸ್ತಿದ್ರಲ್ಲ, ಅದಕ್ಕೂ ಎಷ್ಟೋ ಮುಂಚೆ ತಮ್ಮ ದೇಶದವರನ್ನೇ ಹಂಗೇ ಹಡಗು ಹತ್ತಿಸಿ ಇಲ್ಲಿ ತಂದು ಬಿಡ್ತಿದ್ರು, ಅವರನ್ನ ಕನ್ವಿಕ್ಟ್‌ಗಳು ಅಂತಾರೆ, ಅದ್ರಲ್ಲಿ ಯಹೂದಿಗಳೂ ಇದ್ರು. ಇಲ್ಲಿನ ಯಹೂದಿಗಳಿಗೆ ಸರ್ಕಾರದಿಂದ ಮೊದಲು ಸಿಕ್ಕಿದ್ದು ಸ್ಮಶಾನದ ಜಾಗ, 1828ರಲ್ಲಿ. ಪ್ರಾರ್ಥನೆಗೆ ಜಾಗ ಕೊಡಿ ಅಂತ ಆಮೇಲೆ ಕೇಳಿದಾಗ ಕೊಡಲ್ಲ ಅಂದ್ಬಿಟ್ರು! ಇದನ್ನ ಓದಿ ನಂಗೆ ನಿಜವಾಗ್ಲೂ ಸಂಕಟ ಆಯ್ತು ಅಪ್ಪ.

ಆಮೇಲೆ ಜಾಗ ಕೊಟ್ಟೋನು ಜುಡಾ ಸೊಲೊಮನ್ ಅಂತ, ಅವನೂ ಕನ್ವಿಕ್ಟೇ. ಇಂಗ್ಲೆಂಡಿನ ಶೀರ್‌ನೆಸ್ ಅನ್ನೋ ಊರಿಂದ ಅವನನ್ನೂ ಅವನ ತಮ್ಮ ಜೋಸೆಫ್‌ನನ್ನೂ ಶಿಕ್ಷೆ ಮೇಲೆ ಕಳಿಸಿದ್ರು, 1820ರಲ್ಲಿ ಇಲ್ಲಿಗೆ ಬಂದಿಳಿದ್ರು. ಇಬ್ಬರೂ ಅಂಗಡಿ ಇಟ್ಟು ವ್ಯಾಪಾರ ಮಾಡಿ ಚೆನ್ನಾಗಿ ದುಡ್ಡು ಮಾಡಿದ್ರು, ಜುಡಾ ದೊಡ್ಡ ಮನೆ ಕಟ್ಟಿಸಿದ, ಅದಕ್ಕೆ ಟೆಂಪಲ್ ಹೌಸ್ ಅಂತ ಹೆಸರು, ಸಿನಗಾಗ್ ಆಗೋ ತನಕ ಪ್ರಾರ್ಥನೆ ನಡೀತಿದ್ದಿದ್ದೂ ಆ ಮನೇಲೇ, ಕೊನೆಗೆ ಸರ್ಕಾರ ಕೊಡದೇ ಇದ್ದಾಗ ತನ್ನ ಮನೆ ತೋಟದಲ್ಲೇ ಒಂದು ಭಾಗ ಬಿಟ್ಟುಕೊಟ್ಟ. ಇನ್ನು ಪ್ಲ್ಯಾನ್ ಹಾಕಿದ ಆರ್ಕಿಟೆಕ್ಟ್ ಜೇಮ್ಸ್ ಅಲೆಕ್ಸಾಂಡರ್ ಥಾಮ್ಸನ್ ಸ್ಕಾಟ್ಲೆಂಡಿನವನು, ಯಹೂದಿ ಅಲ್ಲ, ಅವನೂ ಕಳ್ಳತನದ ಕೇಸಲ್ಲಿ 1825ರಲ್ಲಿ ಇಲ್ಲಿಗೆ ಬಂದೋನು, ಆಮೇಲೆ ಕ್ಷಮಾದಾನ ಸಿಕ್ಕಿತ್ತು. ಅಂದ್ರೆ ಜಾಗವೂ ಕೈದಿಯಾಗಿದ್ದೋನದ್ದು, ನಕ್ಷೆಯೂ ಕೈದಿಯಾಗಿದ್ದೋನದ್ದು.

ಕಟ್ಟಡ ನೋಡಿದ್ರೆ ಯಾರೂ ಸಿನಗಾಗ್ ಅನ್ನಲ್ಲ, ಹಳೇ ಈಜಿಪ್ಟಿನ ಗುಡಿ ಅಂತಾರೆ. ಕಿಟಕಿಗಳು ಕೆಳಗೆ ಅಗಲ, ಮೇಲೆ ಹೋಗ್ತಾ ಹೋಗ್ತಾ ಕಿರಿದು, ಬಾಗಿಲ ಹತ್ರ ಕಂಬದ ತಲೆಗೆ ತಾವರೆ ಕೆತ್ತಿದಾರೆ, ಮೇಲೆ ಹೀಬ್ರೂ ಅಕ್ಷರ. ಇದೇ ದ್ವೀಪದ ಇನ್ನೊಂದು ಊರು ಲಾನ್ಸೆಸ್ಟನ್ನಲ್ಲಿ 1846ರಲ್ಲಿ ಶುರುವಾದ ಸಿನಗಾಗೂ ಇದೇ ಸ್ಟೈಲು. ಈಜಿಪ್ಟಲ್ಲಿ ಗುಲಾಮರಾಗಿದ್ವಿ, ದೇವರು ಬಿಡಿಸಿದ ಅಂತ ಪ್ರತಿವರ್ಷ ಹಬ್ಬ ಮಾಡೋ ಜನ ಅದೇ ಈಜಿಪ್ಟಿನ ಶೈಲೀಲಿ ಯಾಕೆ ಕಟ್ಟಿಸಿದ್ರು ಅಂತ ನಾನು ತುಂಬಾ ಯೋಚನೆ ಮಾಡಿದೆ. ಆ ಕಾಲಕ್ಕೆ ಈಜಿಪ್ಟ್ ಶೈಲಿ ಯುರೋಪಲ್ಲೂ ಚಾಲ್ತಿಯಲ್ಲಿತ್ತು, ಜೊತೆಗೆ ಚರ್ಚ್ ಥರ ಕಾಣಬಾರದು ಅಂತಲೂ ಇರಬೇಕು ಅಂತ ನನಗನ್ಸುತ್ತೆ.

ಒಳಗೆ ಸುಮಾರು 150 ಜನ ಕೂರಬಹುದು ಅಷ್ಟೇ, ಚಿಕ್ಕದು. ಹಿಂದಿನ ಸಾಲಲ್ಲಿ ಬರೀ ಗಟ್ಟಿ ಹಲಗೆಯ ಬೆಂಚುಗಳಿವೆ, ಅವು ಕನ್ವಿಕ್ಟ್‌ಗಳಿಗೆ ಅಂತಲೇ ಮಾಡಿಸಿದ್ದು. ಶನಿವಾರ ಅವರ ಸಬ್ಬತ್, ಅಂದ್ರೆ ಕೆಲಸ ಬಿಟ್ಟು ಪ್ರಾರ್ಥನೆ ಮಾಡೋ ದಿನ, ಅವತ್ತು ಕೈದಿಗಳಿಗೆ ಕೆಲಸದಿಂದ ಬಿಡುವು ಕೊಟ್ಟು ಬಂದೂಕು ಹಿಡಿದ ಕಾವಲಿನವರ ಜೊತೆ ಕರ್ಕೊಂಡು ಬರ್ತಿದ್ರು, ಅಲ್ಲಿ ಕೂತು ಪ್ರಾರ್ಥನೆ ಮಾಡಿ ವಾಪಸ್ ಹೋಗ್ಬೇಕು. ಆ ಹಲಗೆ ಮೇಲೆ ಕೈಯಿಟ್ಟು ನೋಡಿದೆ. ಊರು ಬಿಟ್ಟು ಅಷ್ಟು ದೂರ ಬಂದ ಮೇಲೆ, ಮನೆಯವರ ಮುಖ ಮತ್ತೆ ನೋಡ್ತೀವೋ ಇಲ್ವೋ ಗೊತ್ತಿಲ್ಲದೇ ಇದ್ದಾಗ, ಚಿಕ್ಕಂದಿನಿಂದ ಬಾಯಿಪಾಠ ಆಗಿರೋ ಪ್ರಾರ್ಥನೇನ ನಾಲ್ಕು ಜನರ ಜೊತೆ ಹೇಳೋಕೆ ಸಿಕ್ಕಿದ್ದು ಅವರಿಗೆ ಎಷ್ಟು ದೊಡ್ಡದಾಗಿರಬೇಕು. ಆದ್ರೂ ಜಾಗ ಕೊಟ್ಟೋನು, ಪ್ಲ್ಯಾನ್ ಹಾಕಿದೋನು ಇಬ್ಬರೂ ಒಂದ್ಕಾಲಕ್ಕೆ ಅದೇ ಶಿಕ್ಷೆ ಅನುಭವಿಸಿದೋರು, ಅಂಥ ಕಟ್ಟಡದಲ್ಲೂ ಕೈದಿಗಳನ್ನ ಬೇರೆ ಬೆಂಚಲ್ಲಿ ಕೂರಿಸಿದ್ರಲ್ಲ, ಅದು ನನಗೆ ಸರಿ ಅನ್ನಿಸಲೇ ಇಲ್ಲ. ಆ ಬೆಂಚುಗಳನ್ನ ಎತ್ತಿ ಹಾಕದೆ ಇವತ್ತಿಗೂ ಉಳಿಸಿಕೊಂಡಿದಾರೆ, ಅದು ಮಾತ್ರ ತುಂಬಾ ಒಳ್ಳೇ ಕೆಲಸ.

1853ಕ್ಕೆ ಇಲ್ಲಿಗೆ ಕೈದಿಗಳನ್ನ ಕಳಿಸೋದು ನಿಂತ್ಹೋಯ್ತು, ಆಮೇಲೆ ಎಷ್ಟೋ ಯಹೂದಿ ಮನೆತನದವರು ಬೇರೆ ಕಡೆ ಹೋದ್ರು. ಈಗ ಇರೋದು ಸ್ವಲ್ಪ ಜನ, ಆದ್ರೂ ಸಂಪ್ರದಾಯಸ್ಥರು, ಹೊಸ ರೀತಿಯವರು ಇಬ್ಬರೂ ಇದೇ ಒಂದು ಕಟ್ಟಡದಲ್ಲಿ ಪ್ರಾರ್ಥನೆ ನಡೆಸ್ತಾರೆ.

ನೀವಿಬ್ಬರೂ ಬಂದಾಗ ಖಂಡಿತ ಕರ್ಕೊಂಡು ಹೋಗ್ತೀನಿ. ಅಮ್ಮ, ಅಲ್ಲಿ ಚಪ್ಪಲಿ ಬಿಡೋ ಪದ್ಧತಿ ಇಲ್ಲ, ನೀನು ಗಾಬರಿ ಆಗ್ಬೇಡ. ಗಂಡಸರು ತಲೆ ಮುಚ್ಕೋಬೇಕು, ಅಪ್ಪ ನೀವು ನಿಮ್ಮ ಉಲ್ಲನ್ ಟೋಪಿ ತನ್ನಿ, ಈ ಚಳಿಗೂ ಆಗುತ್ತೆ.

ನಿಮ್ಮ ಪ್ರೀತಿಯ ಮಗಳು