ರೋಹನ್ ಬೋಪಣ್ಣ ಅವರಿಗೆ, ಮೊಣಕಾಲಿನ ನೋವನ್ನು ಮುಚ್ಚಿಡದೆ ಹೇಳಿದ್ದಕ್ಕೆ

ರೋಹನ್ ಬೋಪಣ್ಣ ಅವರೇ,

2025ರ ನವೆಂಬರ್ 1ರಂದು ನೀವು ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದಾಗ ಎಲ್ಲರ ಬಾಯಲ್ಲೂ ದಾಖಲೆಗಳದ್ದೇ ಮಾತು. 2024ರಲ್ಲಿ, 43ನೇ ವಯಸ್ಸಿನಲ್ಲಿ ಡಬಲ್ಸ್‌ನ ವಿಶ್ವ ನಂಬರ್ ಒನ್, ಅದೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಕಿರೀಟ, ಆ ವರ್ಷವೇ ಪದ್ಮಶ್ರೀ. ಅಭಿನಂದನೆಗಳು ನಿಮಗೆ ಸಾಕಷ್ಟು ಬಂದಿವೆ. ಟೆನಿಸ್ ಆಡುವ, ಆಡಿಸುವ ನಾವು ಕೃತಜ್ಞತೆ ಹೇಳಬೇಕಿರುವುದು ಬೇರೊಂದು ಕಾರಣಕ್ಕೆ. ಮೊಣಕಾಲಿನ ಮೃದ್ವಸ್ಥಿ (ಮೂಳೆಗಳ ತುದಿಗೆ ಮೆತ್ತೆಯಂತಿರುವ ಕಾರ್ಟಿಲೇಜ್) ಸವೆದುಹೋಗಿದೆ, ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿಯೇ ಅಂಕಣಕ್ಕೆ ಇಳಿಯುತ್ತಿದ್ದೆ ಎಂದು ನೀವು ಬಾಯಿಬಿಟ್ಟು ಹೇಳಿದಿರಿ. ಏನು ಮಾಡಿದ ಮೇಲೆ ಮಾತ್ರೆ ಬಿಡಲು ಸಾಧ್ಯವಾಯಿತು ಎಂದೂ ತಿಳಿಸಿದಿರಿ. ಆಟಗಾರರು ಸಾಮಾನ್ಯವಾಗಿ ಗಾಯದ ಸುದ್ದಿಯನ್ನು ಎದುರಾಳಿಯ ಕಿವಿಗೆ ಬೀಳಗೊಡುವುದಿಲ್ಲ. ಹೊಸ ಜೊತೆಗಾರ ಸಿಗದೇ ಹೋದಾನು ಎಂಬ ಭಯವೂ ಅದರ ಹಿಂದೆ ಇರುತ್ತದೆ. ಆ ಭಯವನ್ನು ನೀವು ಬದಿಗಿಟ್ಟಿದ್ದರಿಂದ ಮೊಣಕಾಲು ನೋವಿನಲ್ಲಿ ಒದ್ದಾಡುವ ಎಷ್ಟೋ ಆಟಗಾರರಿಗೆ ದಾರಿ ಕಂಡಿದೆ.

ಡಬಲ್ಸ್ ಎಂದರೆ ಅರ್ಧ ಅಂಕಣದ ಆಟ, ಕಾಲಿಗೆ ಅಷ್ಟು ಕೆಲಸವಿಲ್ಲ ಎಂದು ಹಲವರು ತಿಳಿದಿದ್ದಾರೆ. ಓಟ ಕಡಿಮೆ, ನಿಜ. ಬಾಗುವ ಕೆಲಸ ಮಾತ್ರ ಹೆಚ್ಚು. ಸರ್ವ್ ಮಾಡಿದವನು ನೆಟ್ ಕಡೆ ಧಾವಿಸುತ್ತಾನೆ, ಎದುರಾಳಿ ಚೆಂಡನ್ನು ಬೇಕೆಂದೇ ಅವನ ಪಾದದ ಹತ್ತಿರಕ್ಕೆ ಇಳಿಸುತ್ತಾನೆ. ಆಗ ಮೊಣಕಾಲು ಆಳವಾಗಿ ಮಡಚಿ, ತೊಡೆಯ ಮೇಲೆ ಭಾರ ಹೊತ್ತು, ರ‍್ಯಾಕೆಟ್‌ನ ತಲೆಯನ್ನು ಮಣಿಕಟ್ಟಿಗಿಂತ ಕೆಳಗೆ ಬೀಳದಂತೆ ಹಿಡಿದು ವಾಲಿ ಮಾಡಬೇಕು, ಎಂದರೆ ಚೆಂಡು ನೆಲಕ್ಕೆ ತಾಗುವ ಮುನ್ನವೇ ಹೊಡೆಯಬೇಕು. ನೋವಿರುವ ಆಟಗಾರ ಮೊಣಕಾಲು ಮಡಚುವ ಬದಲು ಸೊಂಟದಿಂದ ಬಗ್ಗುತ್ತಾನೆ. ರ‍್ಯಾಕೆಟ್‌ನ ತಲೆ ಜೋತುಬೀಳುತ್ತದೆ, ಚೆಂಡು ಮೇಲಕ್ಕೆ ತೇಲುತ್ತದೆ, ನೆಟ್ ಪಕ್ಕ ಕಾದು ನಿಂತ ಎದುರಾಳಿ ಅದನ್ನು ಬಡಿದು ಮುಗಿಸುತ್ತಾನೆ. ಪಾಯಿಂಟ್ ಹೋದದ್ದು ಕೈಯ ತಪ್ಪಿನಿಂದ ಎಂದು ನೋಡುವವರು ಅಂದುಕೊಳ್ಳುತ್ತಾರೆ. ಆರಡಿ ದಾಟಿದ ನಿಮ್ಮ ಎತ್ತರ ಸರ್ವ್‌ಗೆ ಎಷ್ಟು ಅನುಕೂಲವೋ ಪಾದದ ಬಳಿಯ ಈ ಚೆಂಡಿಗೆ ಅಷ್ಟೇ ಪ್ರತಿಕೂಲ. ಮೃದ್ವಸ್ಥಿ ಇಲ್ಲದ ಮೊಣಕಾಲಿನಲ್ಲಿ ಇದನ್ನು ವರ್ಷಗಟ್ಟಲೆ ಮಾಡಿದ್ದೀರಿ ಎಂಬುದು ನಮಗೆ ಯಾವ ಕಪ್‌ಗಿಂತಲೂ ದೊಡ್ಡದು.

ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಆದ್ದರಿಂದ ಸವೆದದ್ದು ಚರ್ಮದ ಗಾಯದಂತೆ ತಾನಾಗಿ ಮಾಯುವುದಿಲ್ಲ. ಇಂಥ ಮೊಣಕಾಲಿಗೆ ವೈದ್ಯರು ಕೊಡುವ ಹೈಲುರೋನಿಕ್ ಆಮ್ಲದ ಇಂಜೆಕ್ಷನ್ ಕೀಲಿನೊಳಗಿನ ದ್ರವಕ್ಕೆ ಜಾರುವ ಗುಣ ಹೆಚ್ಚಿಸುತ್ತದೆ, ಮೃದ್ವಸ್ಥಿಯನ್ನು ಮತ್ತೆ ಬೆಳೆಸುವುದಿಲ್ಲ. ಕೆಲವರಿಗೆ ಕೆಲವು ತಿಂಗಳು ಉಪಶಮನ, ಕೆಲವರಿಗೆ ಅದೂ ಇಲ್ಲ. ನೋವಿನ ಮಾತ್ರೆಯದು ಇನ್ನೂ ಕಷ್ಟದ ಲೆಕ್ಕ. ಅದು ನೋವನ್ನು ಅಡಗಿಸುತ್ತದೆ, ಆಟಗಾರ ನಿಲ್ಲಿಸಬೇಕಾದ ಕಡೆ ನಿಲ್ಲಿಸುವುದಿಲ್ಲ, ಸವೆತ ಹೆಚ್ಚುತ್ತದೆ. ದಿನವೂ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು.

ಈ ಹಂತದಲ್ಲಿ ನೀವು ಹಿಡಿದದ್ದು ಅಯ್ಯಂಗಾರ್ ಯೋಗ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ರೂಪಿಸಿದ ಈ ಪದ್ಧತಿಯಲ್ಲಿ ಬೆಲ್ಟು, ಮರದ ಇಟ್ಟಿಗೆ, ಗೋಡೆಯ ಹಗ್ಗ, ಕುರ್ಚಿ, ಮಡಚಿದ ಕಂಬಳಿ ಎಲ್ಲಕ್ಕೂ ಕೆಲಸವುಂಟು. ಒಂದೊಂದು ಆಸನದಲ್ಲೂ ಹೊತ್ತು ಕಳೆಯಬೇಕು. ಮಂಡಿಚಿಪ್ಪು ಪಾದದ ಬೆರಳುಗಳ ದಿಕ್ಕಿಗೇ ಇದೆಯೇ, ಒಳಕ್ಕೆ ಕುಸಿಯುತ್ತಿದೆಯೇ ಎಂದು ಗುರು ನೋಡಿ ತಿದ್ದುತ್ತಾರೆ. ನೋವಿಗೆ ಹೆದರಿ ಕಾಲನ್ನು ಬಳಸದೇ ಹೋದರೆ ತೊಡೆಯ ಮುಂಭಾಗದ ಸ್ನಾಯು ಬೇಗ ಸೊರಗುತ್ತದೆ, ಆಗ ಇಡೀ ಭಾರ ಕೀಲಿನ ಮೇಲೇ ಬೀಳುತ್ತದೆ. ತೊಡೆ, ಪೃಷ್ಠ, ಸೊಂಟಗಳು ಗಟ್ಟಿಯಾದರೆ ಕೀಲಿನ ಹೊರೆ ಇಳಿಯುತ್ತದೆ. ನಿಮ್ಮ ವಿಷಯದಲ್ಲಿ ಮಾತ್ರೆ ಬಿಡುವ ಮಟ್ಟಕ್ಕೆ ಬಂದದ್ದು ಹೀಗೆ. ಇದನ್ನು ಓದಿ ಮನೆಯಲ್ಲೇ, ಮೊಣಕಾಲು ಪೂರ್ತಿ ಮಡಚುವ ವೀರಾಸನಕ್ಕೆ ಕೂರಲು ಹೊರಡುವವರಿಗೆ ಒಂದು ಮಾತು: ಊದಿದ ಅಥವಾ ಸಿಕ್ಕಿಕೊಳ್ಳುವ ಮೊಣಕಾಲನ್ನು ಮೊದಲು ಮೂಳೆ ವೈದ್ಯರಿಗೆ ತೋರಿಸಿ, ಆಮೇಲೆ ಗುರುವಿನ ಮುಂದೆಯೇ ಮಾಡಿ.

2021ರ ನಿಮ್ಮ ಕಷ್ಟಕಾಲಕ್ಕೂ ನಾವು ಋಣಿಗಳು. ಐದು ತಿಂಗಳು ಒಂದೂ ಪಂದ್ಯ ಗೆಲ್ಲಲಿಲ್ಲ, ಆಟ ಬಿಡುತ್ತೇನೆಂದು ಮನೆಗೆ ವಿಡಿಯೊ ಸಂದೇಶ ಕಳಿಸಿದ್ದೆ ಎಂಬುದನ್ನು ಮೆಲ್ಬರ್ನ್‌ನಲ್ಲಿ 2024ರ ಆಸ್ಟ್ರೇಲಿಯನ್ ಓಪನ್ ಗೆದ್ದ ವೇದಿಕೆಯ ಮೇಲೆಯೇ ಹೇಳಿದಿರಿ. ಡಬಲ್ಸ್‌ನಲ್ಲಿ ಸೋಲಿನ ಸರಣಿ ಎಷ್ಟು ಅಪಾಯಕಾರಿ ಎಂಬುದು ಹೊರಗಿನವರಿಗೆ ತಿಳಿಯದು. ಒಂದು ಟೂರ್ನಿಯಲ್ಲಿ ಗಳಿಸಿದ ರ‍್ಯಾಂಕಿಂಗ್ ಪಾಯಿಂಟ್ 52 ವಾರಗಳಾದ ಮೇಲೆ ಲೆಕ್ಕದಿಂದ ಬಿದ್ದುಹೋಗುತ್ತದೆ. ಇಬ್ಬರ ರ‍್ಯಾಂಕ್ ಕೂಡಿಸಿ ಬರುವ ಸಂಖ್ಯೆಯ ಮೇಲೆ ಜೋಡಿಗೆ ಪ್ರವೇಶ. ಒಬ್ಬನ ರ‍್ಯಾಂಕ್ ಕುಸಿದರೆ ದೊಡ್ಡ ಟೂರ್ನಿಯ ಬಾಗಿಲು ಇಬ್ಬರಿಗೂ ಮುಚ್ಚುತ್ತದೆ. ಒಳ್ಳೆಯ ಜೊತೆಗಾರ ಬೇರೆಯವರನ್ನು ಹುಡುಕಿಕೊಳ್ಳುತ್ತಾನೆ, ಜೋಡಿ ಬದಲಾದಾಗ ಹೊಂದಾಣಿಕೆ ಮತ್ತೆ ಮೊದಲಿನಿಂದ. ಅಲ್ಲಿಂದ ಎದ್ದು 2022ರ ಆರಂಭದಲ್ಲೇ ರಾಮ್‌ಕುಮಾರ್ ರಾಮನಾಥನ್ ಜೊತೆ ಅಡಿಲೇಡ್, ಪುಣೆ ಎರಡರಲ್ಲೂ ಪ್ರಶಸ್ತಿ ಗೆದ್ದಿರಿ. 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಇಂಡಿಯನ್ ವೆಲ್ಸ್ ಟೂರ್ನಿಯ ಪ್ರಶಸ್ತಿ.

2024ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನ ಮೊದಲ ಸೆಟ್ ಅನ್ನು ಡಬಲ್ಸ್ ಕಲಿಯುವವರು ಮತ್ತೆ ಮತ್ತೆ ನೋಡಬೇಕು. ಇಟಲಿಯ ಬೊಲೆಲ್ಲಿ, ವವಸ್ಸೋರಿ ಎದುರು, ಸೆಟ್ 6-6ಕ್ಕೆ ಸಮವಾದಾಗ ಆಡುವ ಟೈಬ್ರೇಕ್‌ನಲ್ಲಿ ನೀವು ಮತ್ತು ಎಬ್ಡೆನ್ ಒಂದೂ ಪಾಯಿಂಟ್ ಬಿಟ್ಟುಕೊಡಲಿಲ್ಲ, 7-0. ಟೈಬ್ರೇಕ್‌ನಲ್ಲಿ ನಮ್ಮ ಸರ್ವ್‌ನ ಪಾಯಿಂಟ್‌ಗಳನ್ನು ಉಳಿಸಿಕೊಂಡು ಎದುರಾಳಿಯ ಸರ್ವ್‌ನಲ್ಲಿ ಒಂದನ್ನು ಕಸಿದರೆ ಸಾಕು ಎನ್ನುವುದು ಸಾಮಾನ್ಯ ಲೆಕ್ಕ. ಏಳನ್ನೂ ಗೆಲ್ಲಬೇಕಾದರೆ ಅವರ ಸರ್ವ್‌ನ ಪ್ರತಿ ಪಾಯಿಂಟನ್ನೂ ಕಿತ್ತುಕೊಂಡಿರಬೇಕು. ಎರಡನೇ ಸೆಟ್ 7-5. ಅದಕ್ಕೂ ಮುಂಚೆ, ಸೆಮಿಫೈನಲ್‌ನಲ್ಲಿ ಮಖಾಚ್ ಮತ್ತು ಝಾಂಗ್ ಎದುರು ಮೂರನೇ ಸೆಟ್ಟಿನ ಹತ್ತು ಪಾಯಿಂಟ್‌ಗಳ ಟೈಬ್ರೇಕ್ 10-7ಕ್ಕೆ ಮುಗಿದಿತ್ತು. ಕ್ವಾರ್ಟರ್‌ಫೈನಲ್ ಗೆದ್ದಾಗಲೇ ನಂಬರ್ ಒನ್ ಸ್ಥಾನ ಖಚಿತವಾಗಿತ್ತು. ಲಿಯಾಂಡರ್ ಪೇಸ್, ಮಹೇಶ್ ಭೂಪತಿ, ಸಾನಿಯಾ ಮಿರ್ಜಾ ನಂತರ ಆ ಸ್ಥಾನ ತಲುಪಿದ ನಾಲ್ಕನೇ ಭಾರತೀಯರು ನೀವು.

ನಿಮ್ಮ ಜೊತೆ ನಿಂತವರಿಗೂ ಕೃತಜ್ಞತೆ ಸಲ್ಲಬೇಕು. ವರ್ಷಗಳ ಕಾಲ ಕೋಚ್ ಆಗಿದ್ದ ಸ್ಕಾಟ್ ಡೇವಿಡಾಫ್ ಅವರಿಗೆ, ಫಿಸಿಯೊ ರೆಬೆಕಾ ವಾನ್ ಓರ್ಶೇಗನ್ ಅವರಿಗೆ, ಪತ್ನಿ ಸುಪ್ರಿಯಾ ಅವರಿಗೆ. ಭಾರತ, ಪಾಕಿಸ್ತಾನದ ಜೋಡಿಯಾಗಿ 2010ರ ಅಮೆರಿಕ ಓಪನ್ ಫೈನಲ್‌ವರೆಗೂ ನಿಮ್ಮೊಂದಿಗೆ ನಡೆದ ಐಸಾಮ್ ಉಲ್ ಹಕ್ ಖುರೇಷಿ ಅವರಿಗೆ. ಬ್ರಯಾನ್ ಸೋದರರ ಎದುರು ಎರಡು ಟೈಬ್ರೇಕ್‌ಗಳಲ್ಲಿ ಕೈತಪ್ಪಿದ ಆ ಪಂದ್ಯ ಇಂದಿಗೂ ನೋಯಿಸುತ್ತದೆ. 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಎದುರಿಸಿ ನಿಮ್ಮೊಡನೆ ನಿರ್ಣಾಯಕ ಟೈಬ್ರೇಕ್ ಅನ್ನು 12-10ಕ್ಕೆ ಗೆದ್ದ ಗೇಬ್ರಿಯೆಲಾ ಡಬ್ರೊವ್ಸ್ಕಿ ಅವರಿಗೆ. ಎಬ್ಡೆನ್ ಅವರಿಗಂತೂ ಎಷ್ಟು ಹೇಳಿದರೂ ಕಡಿಮೆ.

ವಿದಾಯದ ಮಾತಿನಲ್ಲಿ ಕೊಡಗಿನಲ್ಲಿ ಸರ್ವ್ ಗಟ್ಟಿಯಾಗಲೆಂದು ಸೌದೆ ಒಡೆದದ್ದನ್ನು, ಕಾಫಿ ತೋಟಗಳ ನಡುವೆ ಓಡಿದ್ದನ್ನು ನೆನೆದಿರಿ. ಕೊಡಲಿ ಎತ್ತಿ ಬೀಸುವಾಗ ಬಲ ಪಾದದಿಂದ ಹೊರಟು ಸೊಂಟ, ಬೆನ್ನು, ಭುಜ ದಾಟಿ ಕೈಗೆ ಬರುತ್ತದೆ. ಸರ್ವ್‌ನಲ್ಲಿಯೂ ಅದೇ ಸರಪಳಿ. ಕೈಬಲದಿಂದಲೇ ಸರ್ವ್ ಹೊಡೆಯುವ ಮಕ್ಕಳಿಗೆ ಭುಜ ನೋವು ಬರುವುದು ಈ ಸರಪಳಿ ನಡುವೆ ಕಡಿದಾಗ. ಬೆಂಗಳೂರಿನ ನಿಮ್ಮ ಅಕಾಡೆಮಿಯಲ್ಲಿ ಕಲಿಯುವ ಮಕ್ಕಳಿಗೆ ಇದನ್ನೂ, ಮೊಣಕಾಲು ಮಡಚಿ ಪಾದದ ಬಳಿಯ ವಾಲಿ ಎತ್ತುವುದನ್ನೂ ನೀವೇ ನಿಂತು ಹೇಳಿಕೊಡುವ ಕಾಲ ಬಂದಿದೆ. ಆ ಮಕ್ಕಳ ಪರವಾಗಿ ಮುಂಗಡವಾಗಿಯೇ ಧನ್ಯವಾದಗಳು.