ಓಡುವವರು ಎಂಟು ಗಂಟೆ ಕೆಲಸವನ್ನೂ ಮಾಡಬೇಕು: ನಮ್ಮ ಓಟಗಾರರಿಗೊಂದು ಪತ್ರ

ಪ್ರೀತಿಯ ಓಟಗಾರರೇ,

ಸುದ್ದಿ ಆಗಲೇ ನಿಮ್ಮನ್ನು ಮುಟ್ಟಿದೆ. ಆದರೂ ನಾವೇ ಹೇಳಬೇಕು. ಈ ವರ್ಷ ನಮ್ಮ ಚಿಕ್ಕಮಗಳೂರಿನ ಟ್ರೇಲ್ ಓಟದಲ್ಲಿ, ಅಂದರೆ ಕಾಡು ಬೆಟ್ಟಗಳ ಕಾಲುದಾರಿಯ ಓಟದಲ್ಲಿ, 50 ಮತ್ತು 100 ಕಿಲೋಮೀಟರ್‌ನ ಶುಲ್ಕ 600 ರೂಪಾಯಿ ಜಾಸ್ತಿಯಾಗಿದೆ. ಜೊತೆಗೆ, ಈ ಎರಡು ದೂರ ಓಡುವವರೆಲ್ಲ ಎಂಟು ಗಂಟೆ ಸ್ವಯಂಸೇವಕರಾಗಿ ದುಡಿದಿರಬೇಕು. ನಮ್ಮಲ್ಲೇ ಆಗಬೇಕೆಂದಿಲ್ಲ, ಬೇರೆ ಯಾವ ಟ್ರೇಲ್ ಓಟದಲ್ಲಾದರೂ ಸರಿ. ನಿಮ್ಮ ಬದಲು ಮನೆಯವರೋ ಗೆಳೆಯರೋ ಬಂದರೂ ನಡೆಯುತ್ತದೆ.

ಹಲವರಿಗೆ ಬೇಸರವಾಗಿದೆ. ಅದಕ್ಕೆ ಕ್ಷಮೆ ಇರಲಿ. ಆದರೆ ನಿರ್ಧಾರ ಬದಲಾಗುವುದಿಲ್ಲ.

ಮೊದಲು ದುಡ್ಡಿನ ಮಾತು. "ಮೆಡಲ್, ಟೀ ಶರ್ಟ್ ಬೇಡ, ಶುಲ್ಕ ಇಳಿಸಿ" ಅನ್ನುತ್ತೀರಿ. ಅವೆರಡನ್ನೂ ತೆಗೆದರೂ ಜೀಪುಗಳ ಬಾಡಿಗೆಗೆ ಸಾಲುವುದಿಲ್ಲ. ಆಂಬುಲೆನ್ಸ್ ಮೊದಲ ಓಟಗಾರ ಹೊರಟಾಗಿನಿಂದ ಕೊನೆಯವರು ಬರುವ ತನಕ ನಿಂತಿರಬೇಕು. ಯಾರನ್ನೂ ಹೊತ್ತೊಯ್ಯದಿದ್ದರೂ ಬಾಡಿಗೆ ಓಡುತ್ತಲೇ ಇರುತ್ತದೆ. ಕಣಿವೆಗಳಲ್ಲಿ ಫೋನ್ ಸಿಗುವುದಿಲ್ಲ, ಹಾಗಾಗಿ ವೈರ್‌ಲೆಸ್ ಸೆಟ್ಟು ಬೇಕು, ಅದನ್ನು ಬಳಸಲು ಬರುವವರೂ ಬೇಕು. ನೀರು, ಗ್ಯಾಸು, ಪಾತ್ರೆ ಎಲ್ಲವೂ ಜೀಪಿನಲ್ಲೇ ಮೇಲೆ ಹತ್ತಬೇಕು. ದಾರಿ ತೋರಿಸಲು ಕಟ್ಟಿದ ರಿಬ್ಬನ್ನನ್ನು ದನ ಜಗಿದುಬಿಡುತ್ತವೆ. ಹಿಂದಿನ ಸಂಜೆ ಮತ್ತೆ ಕಟ್ಟಿಸಬೇಕು. ಮಳೆ ನಿಂತು ಕಾಫಿ ಕೊಯ್ಲು ಶುರುವಾಗುವ ನಡುವೆ ಸಿಗುವುದು ಕೆಲವೇ ವಾರ. ಜೀಪುಗಳಿಗೆ ಆಗಲೇ ಗಿರಾಕಿ ಜಾಸ್ತಿ. ಬಾಡಿಗೆ ಕಡಿಮೆ ಇರುವ ತಿಂಗಳು ನೋಡಿ ಓಟ ಇಡಿ ಅನ್ನುವವರು ಜುಲೈನಲ್ಲಿ ಒಮ್ಮೆ ಬಂದು ಈ ದಾರಿ ನೋಡಲಿ.

ಒಂದು ಖರ್ಚನ್ನು ಮಾತ್ರ ಎಂದೂ ಇಳಿಸುವುದಿಲ್ಲ. ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲುಮನೆಗಳ) ಹೆಂಗಸರು ರಾತ್ರಿಯಿಡೀ ಗಂಜಿ, ಸಾರು ಬೇಯಿಸುತ್ತಾರೆ. ಅವರಿಗೆ ಪೂರ್ತಿ ಕೂಲಿ ಕೊಡುತ್ತೇವೆ. ಅವರ ಊರಿಗೆ ಓಡಲು ಹೋಗಿ ಅವರ ಕೈಯಲ್ಲೇ ಬಿಟ್ಟಿ ದುಡಿಸುವುದು ನ್ಯಾಯವಲ್ಲ.

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆ. "ದುಡ್ಡೂ ಕೊಟ್ಟು ಕೆಲಸವನ್ನೂ ಮಾಡಬೇಕಾ? ಕೂಲಿಗೆ ಜನ ಸಿಗಲ್ವಾ?"

ಸಿಗುತ್ತಾರೆ. ಬಾಳೆಹಣ್ಣು ಹೆಚ್ಚಿಡಲು, ನೀರು ತುಂಬಿಸಲು ಯಾರಾದರೂ ಸಿಗುತ್ತಾರೆ. ಆದರೆ ಎಪ್ಪತ್ತನೇ ಕಿಲೋಮೀಟರಿಗೆ ಒಬ್ಬರು ಬರುತ್ತಾರೆ. ಬೆರಳು ಊದಿವೆ, ತಲೆನೋವು, ವಾಕರಿಕೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬರುತ್ತಿಲ್ಲ. ಗೊತ್ತಿಲ್ಲದವರು ಸುಸ್ತಾಗಿದೆ ಅಂದುಕೊಂಡು ಇನ್ನೆರಡು ಲೋಟ ನೀರು ಕುಡಿಸುತ್ತಾರೆ. ಬರೀ ನೀರು ವಿಪರೀತ ಕುಡಿದು ರಕ್ತದಲ್ಲಿ ಸೋಡಿಯಂ ಇಳಿದಿದ್ದರೆ ಆ ನೀರೇ ಜೀವಕ್ಕೆ ಕುತ್ತು. ದೂರ ಓಡಿ ಬಲ್ಲವರು ಆ ಮುಖ ನೋಡಿದ ಕೂಡಲೇ ಲೋಟ ಪಕ್ಕಕ್ಕಿಟ್ಟು ಡಾಕ್ಟರನ್ನು ಕರೆಯುತ್ತಾರೆ. ಕೂಲಿ ಕೊಟ್ಟು ಈ ಅನುಭವ ತರಲು ಆಗುವುದಿಲ್ಲ. ಅದು ಇರುವುದು ನಿಮ್ಮಲ್ಲೇ.

ಇದು ನಾವು ಹುಟ್ಟಿಸಿದ ನಿಯಮವೂ ಅಲ್ಲ. ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟದ ಹೆಸರು ಕೇಳದ ಅಲ್ಟ್ರಾ ಓಟಗಾರರು, ಅಂದರೆ ಮ್ಯಾರಥಾನ್‌ಗಿಂತ ದೂರ ಓಡುವವರು, ಕಡಿಮೆ. 1974ರಲ್ಲಿ ಕುದುರೆಗಳ ಸ್ಪರ್ಧೆಯ ದಾರಿಯಲ್ಲಿ ಒಬ್ಬರು ಕುದುರೆ ಇಲ್ಲದೆ ಓಡಿದ್ದರಿಂದ ಶುರುವಾದ ಓಟ ಅದು. ಅಲ್ಲಿ ಓಡಬೇಕಾದರೂ ಎಂಟು ಗಂಟೆ ಸೇವೆ ಮಾಡಿರಲೇಬೇಕು. ನಾವು ಗಂಟೆಯ ಲೆಕ್ಕವನ್ನೂ ಅಲ್ಲಿಂದಲೇ ತೆಗೆದುಕೊಂಡೆವು.

ಹೋದ ವರ್ಷ ರಾತ್ರಿ ಪಾಳಿಗೆ ಹೆಸರು ಕೊಟ್ಟವರಲ್ಲಿ ಅರ್ಧ ಜನ ಬರಲಿಲ್ಲ. ಮೇಲಿನ ಎಯ್ಡ್ ಸ್ಟೇಷನ್ನಿನಲ್ಲಿ (ಓಟಗಾರರಿಗೆ ನೀರು, ಆಹಾರ ಕೊಡುವ ಜಾಗದಲ್ಲಿ) ಇಬ್ಬರೇ ಬೆಳಗಿನ ತನಕ ನಿಂತರು. ಅವರಲ್ಲಿ ಒಬ್ಬರು ಆ ವರ್ಷ ತಾವೇ ಓಡಬೇಕಿತ್ತು. ಕಾಲು ನೋವಿದ್ದ ಕಾರಣ ಬಿಬ್ (ಓಟಗಾರರ ಎದೆಯ ನಂಬರ್ ಚೀಟಿ) ಬಿಟ್ಟು ಲೋಟ ಹಿಡಿದರು. ಅಂಥವರಿಂದಲೇ ಈ ಓಟ ನಿಂತಿದೆ. ಅದನ್ನು ಹೇಳಿಕೊಳ್ಳಲು ನಮಗೆ ಹೆಮ್ಮೆ.

ಪಾಳಿ ಕೆಲಸದವರು, ಚಿಕ್ಕ ಮಕ್ಕಳಿರುವವರು, ಹುಬ್ಬಳ್ಳಿ ಕಲಬುರಗಿಯಿಂದ ಬರುವವರು ಭಯಪಡಬೇಡಿ. ಒಂದು ಫೋನ್ ಮಾಡಿ. ನಿಮಗೆ ಆಗುವಂಥ ಕೆಲಸವನ್ನು ಕೂತು ಹುಡುಕೋಣ. ಬಿಬ್‌ಗಳನ್ನು ಜೋಡಿಸಿ ಕಟ್ಟಿಡುವುದು, ಓಟಗಾರರಿಗೆ ಫೋನ್ ಮಾಡಿ ವಿಷಯ ತಿಳಿಸುವುದು, ಮನೆಯಿಂದಲೇ ಮಾಡುವ ಕೆಲಸಗಳೂ ಇವೆ. ನೀವು ಇಷ್ಟು ವರ್ಷ ಬಂದವರು, ನಿಯಮದ ನೆಪ ಹೇಳಿ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಹೋದ ವರ್ಷದ ಬಿಬ್ಬನ್ನು ಈ ವರ್ಷಕ್ಕೆ ಮುಂದೂಡಿದವರಿಗೆ ಈ ಷರತ್ತು ಒಪ್ಪಿಗೆಯಾಗದಿದ್ದರೆ ಪೂರ್ತಿ ಹಣ ವಾಪಸ್.

ಮಳೆ ತಗ್ಗಿದ ಮೇಲೆ ದಾರಿ ಸವರುವ ಕೆಲಸ ಭಾನುವಾರಗಳಂದು ನಡೆಯುತ್ತದೆ. ಕತ್ತಿ, ಊಟ ನಮ್ಮದು. ಇಂಬಳ (ಜಿಗಣೆ) ಇರುತ್ತವೆ, ಉದ್ದ ಸಾಕ್ಸ್ ಹಾಕಿಕೊಂಡು ಬನ್ನಿ.

ನಿಮ್ಮವರೇ,
ಓಟದ ಬಳಗ, ಚಿಕ್ಕಮಗಳೂರು