ಅಧ್ಯಕ್ಷರು ಸಿಕ್ಕಾರು, ಹಾಜರಿ ಹಿಡಿಯುವವರು?

ಮುಂದಿನ ತಿಂಗಳು ಅಮೆರಿಕದ ನಮ್ಮ ಕನ್ನಡ ಸಂಘದ ಸರ್ವಸದಸ್ಯರ ಸಭೆ. ಹೊಸ ಕಾರ್ಯಕಾರಿ ಸಮಿತಿ ಬರಬೇಕು, ಸಲಹಾ ಮಂಡಳಿಯಲ್ಲಿ ಖಾಲಿಯಾದ ಜಾಗಗಳು ತುಂಬಬೇಕು. ವಾಟ್ಸಾಪ್ ಗುಂಪಿನಲ್ಲಿ ಆಗಲೇ ಹೆಸರುಗಳು ಓಡಾಡುತ್ತಿವೆ. "ಅವರು ದೊಡ್ಡ ಕಂಪನಿಯಲ್ಲಿ ಡೈರೆಕ್ಟರ್, ಅವರಿದ್ದರೆ ಸಂಘಕ್ಕೆ ಒಂದು ತೂಕ ಬರುತ್ತೆ." "ಇವರು ಹಿರಿಯರು, ಬೇಜಾರು ಮಾಡ್ಕೋಬಾರದು, ಸಲಹಾ ಮಂಡಳಿಗೆ ಹಾಕಿಬಿಡಿ." ಹೀಗೆ ತೂಕ ನೋಡಿ, ಬೇಜಾರು ನೋಡಿ ಜಾಗ ಹಂಚಿ ಮುಗಿಸುತ್ತೇವೆ. ಆಮೇಲೆ ದೀಪಾವಳಿ ಕಾರ್ಯಕ್ರಮದ ರಾತ್ರಿ ಹತ್ತೂವರೆಗೆ ಶಾಲೆಯ ಸಭಾಂಗಣದಲ್ಲಿ ಕುರ್ಚಿ ಮಡಚಲು ನಿಂತವರು ನಾಲ್ಕೇ ಮಂದಿ. ಹೋದ ವರ್ಷದ ಅದೇ ನಾಲ್ಕು ಮಂದಿ. ಹನ್ನೊಂದಕ್ಕೆ ಶಾಲೆಯವರು ಬೀಗ ಹಾಕುತ್ತಾರೆ, ತಡವಾದರೆ ಡಿಪಾಸಿಟ್ ಹೋಯಿತು. ಬಿಸಿಬೇಳೆಬಾತಿನ ಖಾಲಿ ಟ್ರೇಗಳನ್ನು ಕಪ್ಪು ಚೀಲಕ್ಕೆ ತುರುಕುತ್ತಾ ಅವರಲ್ಲೊಬ್ಬರು "ಮುಂದಿನ ಸಲ ನಾನಿಲ್ಲಪ್ಪ" ಎನ್ನುತ್ತಾರೆ. ಪ್ರತಿ ಸಲವೂ ಎನ್ನುತ್ತಾರೆ. ಒಂದು ವರ್ಷ ನಿಜವಾಗಿಯೂ ಬರುವುದಿಲ್ಲ.

ಸಂಬಳ ಕೊಡದೆ ಜನರಿಂದ ಕೆಲಸ ಮಾಡಿಸುವ ಸಂಸ್ಥೆಗೆ ಎಂಥವರು ಮುಂದಾಳುಗಳಾಗಬೇಕು, ಎಂಥವರು ಸಲಹೆಗಾರರಾಗಬೇಕು ಎಂದು ಯೋಚಿಸಿದಾಗೆಲ್ಲ ನನಗೆ ನೆನಪಾಗುವುದು ಹುಬ್ಬಳ್ಳಿಯ ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರ್. ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯಾದ ಸೇವಾದಳದ ಹರ್ಡೀಕರ್ ಎಂದರೆ ನಮ್ಮಲ್ಲಿ ಅರವತ್ತು ದಾಟಿದವರಿಗೆ ಗೊತ್ತಾದೀತು. ಗೊತ್ತಿಲ್ಲದಿರುವುದು, ಅವರು ಈ ದೇಶದಲ್ಲೂ ಇದ್ದವರು ಎಂಬುದು. ಕಲ್ಕತ್ತದಲ್ಲಿ ವೈದ್ಯಕೀಯ ಓದಿ, ಒಂದನೇ ಮಹಾಯುದ್ಧದ ಹೊತ್ತಿಗೆ ಇಲ್ಲಿಗೆ ಬಂದು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಗ ಲಾಲಾ ಲಜಪತ್ ರಾಯ್ ನ್ಯೂಯಾರ್ಕಿನಲ್ಲಿದ್ದರು. 1917ರಲ್ಲಿ ಅವರು ಅಲ್ಲಿ ಭಾರತಕ್ಕೆ ಸ್ವರಾಜ್ಯ ಕೇಳುವ ಇಂಡಿಯಾ ಹೋಂ ರೂಲ್ ಲೀಗ್ ಕಟ್ಟಿದಾಗ, ಊರೂರಿಗೆ ಹೋಗಿ ಭಾಷಣ ಮಾಡುವುದು, ಸದಸ್ಯರನ್ನು ಕೂಡಿಸುವುದು, ಪತ್ರಿಕೆ ಹಂಚುವುದು ಇವಕ್ಕೆಲ್ಲ ಹೆಗಲು ಕೊಟ್ಟವರು ಹರ್ಡೀಕರ್. ಅಮೆರಿಕದಲ್ಲಿ ಒಂದು ಸಂಘಟನೆಗಾಗಿ ಚಂದಾ ಎತ್ತುವ ಕಷ್ಟವನ್ನು ಒಬ್ಬ ಕನ್ನಡಿಗ ನಮಗಿಂತ ನೂರು ವರ್ಷ ಮೊದಲೇ ಅನುಭವಿಸಿದ್ದರು ಎಂದರೆ ನಮ್ಮ ಖಜಾಂಚಿಗಳಿಗೆ ಸ್ವಲ್ಪ ಸಮಾಧಾನವಾಗಬಹುದು.

1921ರಲ್ಲಿ ಹುಬ್ಬಳ್ಳಿಗೆ ಮರಳಿದರು. ದವಾಖಾನೆ ತೆರೆದು ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಹುಡುಗರನ್ನು ಸೇರಿಸಿ ಹುಬ್ಬಳ್ಳಿ ಸೇವಾಮಂಡಲ ಕಟ್ಟಿದರು. 1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಅಲ್ಲಿಗೂ ಹೋದರು, ಸೆರೆಯಾದರು. ಜೈಲಿನ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು, ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಈ ಸುದ್ದಿ ಕಾಂಗ್ರೆಸ್ಸಿನ ದೊಡ್ಡವರ ಕಿವಿಗೂ ಬಿತ್ತು. ಸ್ವಯಂಸೇವಕರಿಗೆ ಉತ್ಸಾಹ ಇದ್ದರೆ ಸಾಲದು, ತರಬೇತಿ ಬೇಕು ಎಂಬ ಹರ್ಡೀಕರರ ಮಾತಿಗೆ ಆಗ ಬೆಲೆ ಬಂತು. ಅದೇ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು.

ಹುದ್ದೆಗಳನ್ನು ಹಂಚಿದ ರೀತಿ ನೋಡಿ. ಮೊದಲ ಅಧ್ಯಕ್ಷ ಜವಾಹರಲಾಲ್ ನೆಹರೂ. ಕೇಂದ್ರ ಕಚೇರಿ ಮಾತ್ರ ಹುಬ್ಬಳ್ಳಿಯಲ್ಲಿ. ದಿನನಿತ್ಯದ ಕೆಲಸವೆಲ್ಲ ಹರ್ಡೀಕರರದು. ಅಲಹಾಬಾದಿನ ನೆಹರೂ ಹುಬ್ಬಳ್ಳಿಗೆ ಬಂದು ಕವಾಯತು ಮಾಡಿಸಲಿ ಎಂದು ಯಾರೂ ಕಾಯಲಿಲ್ಲ. ಅವರಿಂದ ಬೇಕಾದದ್ದು ಬೇರೆ ಇತ್ತು. ಸೇವಾದಳಕ್ಕೆ ಕಾಂಗ್ರೆಸ್ಸಿನ ಒಳಗೇ ಸಾಕಷ್ಟು ವಿರೋಧವಿತ್ತು. ಇದು ಪಕ್ಷದೊಳಗೆ ಸೈನ್ಯ ತಂದಂತೆ, ನಾಳೆ ಇವರೇ ನಮ್ಮ ಮೇಲೆ ಸವಾರಿ ಮಾಡುತ್ತಾರೆ ಎಂದು ಕೆಲವು ಹಿರಿಯರು ಹೆದರಿದರು. ಇನ್ನು ಕೆಲವರಿಗೆ ಸ್ವಯಂಸೇವಕ ಎಂದರೆ ಹೇಳಿದ್ದು ಕೇಳಿದರೆ ಸಾಕು, ಅವನಿಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವುದನ್ನೂ ಕಲಿಸಬೇಕಿಲ್ಲ. ನೆಹರೂ ತಮ್ಮ ಆತ್ಮಕಥೆಯಲ್ಲಿ ಇದನ್ನೆಲ್ಲ ತುಸು ವ್ಯಂಗ್ಯವಾಗಿಯೇ ನೆನೆದಿದ್ದಾರೆ. ದೊಡ್ಡ ಹೆಸರಿನವರೊಬ್ಬರು ಬೆನ್ನಿಗೆ ನಿಂತು, ದೈನಂದಿನ ಕೆಲಸವನ್ನು ಹರ್ಡೀಕರರಿಗೇ ಬಿಟ್ಟುಕೊಟ್ಟರು ಎಂಬುದೇ ಸೇವಾದಳಕ್ಕೆ ಆದ ಲಾಭ ಎಂದು ನನಗನ್ನಿಸುತ್ತದೆ.

ಮರುವರ್ಷ, 1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ' ಮೊಳಗಿದ್ದು, ಬಾಲೆ ಗಂಗೂಬಾಯಿ ಹಾನಗಲ್ ಹಾಡಿದ್ದು ನಮಗೆಲ್ಲ ಗೊತ್ತು, ವೇದಿಕೆಯ ಕತೆಯನ್ನು ನಾವು ಮರೆಯುವುದಿಲ್ಲ. ವೇದಿಕೆಯ ಹಿಂದೆ ಏನಿತ್ತು? ತಿಲಕವಾಡಿಯ ಬಯಲಿನಲ್ಲಿ ವಿಜಯನಗರ ಎಂದು ಹೆಸರಿಟ್ಟು ಒಂದು ಊರನ್ನೇ ಎಬ್ಬಿಸಬೇಕಿತ್ತು. ನೀರಿಗೆ ಬಾವಿ ತೋಡಿಸಿದರು. ಕಾಂಗ್ರೆಸ್ ಬಾವಿ ಎಂದು ಅದು ಇವತ್ತಿಗೂ ಇದೆ. ಬಂದವರಿಗೆ ವಸತಿ, ಊಟ, ಕಕ್ಕಸುಗಳ ಶುಚಿ, ಜನರ ನೂಕುನುಗ್ಗಲು. ಒಟ್ಟು ಹೊಣೆ ಗಂಗಾಧರರಾವ್ ದೇಶಪಾಂಡೆಯವರದು, ಓಡಾಡಿದ್ದು ಹರ್ಡೀಕರರ ಪಡೆ. ಕಕ್ಕಸು ಬಳಿಯುವ ಕೆಲಸಕ್ಕೆ ಮೇಲ್ಜಾತಿಯ ಓದಿದ ಹುಡುಗರು ನಿಂತಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಹಾಗೆ ನಿಲ್ಲಿಸುವುದಕ್ಕೆ ಭಾಷಣ ಸಾಕಾಗುವುದಿಲ್ಲ. ನಿಲ್ಲಿಸಿದವನೂ ಪೊರಕೆ ಹಿಡಿದಿರಬೇಕು.

ಅಲ್ಲಿ ಹೆಂಗಸರ ಪಡೆಯೂ ಇತ್ತು. ಅದನ್ನು ಕಟ್ಟಿದವರು ಉಮಾಬಾಯಿ ಕುಂದಾಪುರ. ನನ್ನ ಮಟ್ಟಿಗೆ ಈ ಇಡೀ ಕತೆಯ ನಿಜವಾದ ಮುಂದಾಳು ಅವರೇ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಸೊಸೆಯನ್ನು ಮಾವ ಆನಂದರಾಯರು ಮನೆಯೊಳಗೆ ಕೂರಿಸಲಿಲ್ಲ. ಓದಿಸಿದರು, ಹೊರಗಿನ ಕೆಲಸಕ್ಕೆ ಹುರಿದುಂಬಿಸಿದರು. ಆನಂದರಾಯರ ಹೆಸರು ಯಾವ ಪದಾಧಿಕಾರಿಗಳ ಪಟ್ಟಿಯಲ್ಲೂ ಎದ್ದು ಕಾಣುವುದಿಲ್ಲ. ಆದರೆ ಸಲಹೆಗಾರ ಎಂದು ನಾನು ಕರೆಯುವುದು ಅಂಥವರನ್ನು. ಹುಬ್ಬಳ್ಳಿಯಲ್ಲಿ ಉಮಾಬಾಯಿ ಭಗಿನಿ ಮಂಡಲ ನಡೆಸಿದರು, ತಿಲಕ ಕನ್ಯಾಶಾಲೆ ನೋಡಿಕೊಂಡರು, ಸೇವಾದಳದ ಮಹಿಳಾ ವಿಭಾಗದ ಹೊಣೆ ಹೊತ್ತರು. ಬೆಳಗಾವಿಗೆ ಮುಂಚೆ ಊರೂರು ಅಲೆದು, ಮನೆಮನೆಗೆ ಹೋಗಿ, ಹಿತ್ತಲ ಬಾಗಿಲು ದಾಟದ ಹೆಂಗಸರನ್ನು, ವಿಧವೆಯರನ್ನು ಕೂಡಿಸಿ ಕರೆತಂದರು. ಆ ಮಾತುಕತೆಗಳು ಹೇಗೆ ನಡೆದಿದ್ದಾವು! ಅತ್ತೆಯನ್ನು ಒಪ್ಪಿಸಬೇಕು, ಮಾವನನ್ನು ಒಪ್ಪಿಸಬೇಕು, ರಾತ್ರಿ ಎಲ್ಲಿ ಮಲಗುತ್ತಾಳೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು.

1932ರಲ್ಲಿ ಉಮಾಬಾಯಿಯವರನ್ನು ಯರವಡಾ ಜೈಲಿಗೆ ಹಾಕಿದರು. ಒಳಗಿರುವಾಗಲೇ ಮಾವ ತೀರಿಕೊಂಡರು. ಹೊರಬಂದಾಗ ಶಾಲೆಗೆ ಬೀಗ, ಭಗಿನಿ ಮಂಡಲಕ್ಕೆ ನಿಷೇಧ. ಆ ದಿನಗಳಲ್ಲಿ ಸೆರೆಯಿಂದ ಬಿಡುಗಡೆಯಾದ ಎಷ್ಟೋ ಹೆಂಗಸರಿಗೆ ಊರಿಗೆ ಹೋಗಲು ಕಾಸಿರಲಿಲ್ಲ. ಅವರು ಬರುತ್ತಿದ್ದದ್ದು ಉಮಾಬಾಯಿಯ ಪುಟ್ಟ ಮನೆಗೆ. ಊಟ ಹಾಕಿ, ಪ್ರಯಾಣದ ಖರ್ಚು ಕೈಗಿಟ್ಟು ಕಳಿಸುತ್ತಿದ್ದರು. ನಮ್ಮ ಸಂಘದ ನಿಯಮಾವಳಿಯಲ್ಲಿ ಅಧ್ಯಕ್ಷರ ಕರ್ತವ್ಯಗಳೆಂದು ಉದ್ದ ಪಟ್ಟಿಯಿದೆ. ದುಡಿದವರು ಮನೆಗೆ ಹೇಗೆ ಹೋದರು ಎಂದು ವಿಚಾರಿಸುವುದು ಅದರಲ್ಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಪಿಂಚಣಿ, ತಾಮ್ರಪತ್ರ, ಪದವಿ ಯಾವುದನ್ನೂ ಆಕೆ ಮುಟ್ಟಲಿಲ್ಲ. ಹುಬ್ಬಳ್ಳಿಯಲ್ಲೇ ಇದ್ದು 1992ರಲ್ಲಿ ತೀರಿಕೊಂಡರು.

ಹರ್ಡೀಕರ್ ಹುಬ್ಬಳ್ಳಿಯಿಂದ 'ವಾಲಂಟಿಯರ್' ಎಂಬ ಪತ್ರಿಕೆಯನ್ನೂ ಹೊರಡಿಸಿದರು. ಸುದ್ದಿಪತ್ರದ ಸಂಪಾದಕನಾದ ನನಗೆ ಇದು ಬಹಳ ಹಿಡಿಸಿದ ಸಂಗತಿ, ಸ್ವಾರ್ಥ ಇದೆ ಎಂದು ಒಪ್ಪಿಕೊಳ್ಳುತ್ತೇನೆ. 1931ರಲ್ಲಿ ಕಾಂಗ್ರೆಸ್ ಸೇವಾದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಸ್ಥೆಯಾಗಿ ಒಳಗೆ ತೆಗೆದುಕೊಂಡಿತು. ಮನ್ನಣೆ ಸಿಕ್ಕಿತು, ಸ್ವಂತಿಕೆ ಹೋಯಿತು ಎಂದೂ ಹೇಳಬಹುದು. ಸಣ್ಣ ಸಂಘಗಳು ದೊಡ್ಡ ಒಕ್ಕೂಟಗಳ ಜೊತೆ ಸೇರುವಾಗ ಏಳುವ ಈ ಪ್ರಶ್ನೆಯ ಬಗ್ಗೆ ಬೇರೆ ಸಂಚಿಕೆಯಲ್ಲಿ ಬರೆಯಬೇಕು. ಹರ್ಡೀಕರ್ ಆಮೇಲೆ ರಾಜ್ಯಸಭೆಯಲ್ಲಿದ್ದರು, 1958ರಲ್ಲಿ ಪದ್ಮಭೂಷಣ ಬಂತು.

ನಾವು ಬದುಕುತ್ತಿರುವ ಈ ದೇಶದಲ್ಲೂ ಇಂಥವರಿದ್ದರು. ಹರ್ಡೀಕರ್ ಓದಿದ ಮಿಷಿಗನ್‌ಗೇ ಗವರ್ನರ್ ಆಗಿದ್ದ ಜಾರ್ಜ್ ರಾಮ್ನಿ ರಾಜಕೀಯ ಮುಗಿಸಿದ ಮೇಲೆ ಸ್ವಯಂಸೇವೆಯನ್ನು ಬೆಳೆಸುವ ರಾಷ್ಟ್ರೀಯ ಕೇಂದ್ರವೊಂದರ ಕೆಲಸ ಹಿಡಿದರು. ಅದು 1991ರಲ್ಲಿ ಅಂಥದೇ ಕೆಲಸದ ಪಾಯಿಂಟ್ಸ್ ಆಫ್ ಲೈಟ್ ಪ್ರತಿಷ್ಠಾನದ ಜೊತೆ ಸೇರಿತು. ದೇಶದ ಅಧ್ಯಕ್ಷರು, ಮಾಜಿ ಅಧ್ಯಕ್ಷರನ್ನೆಲ್ಲ ಒಂದೇ ಕಡೆ ಕೂಡಿಸಿ ಸ್ವಯಂಸೇವೆಗಾಗಿ ಶೃಂಗಸಭೆ ನಡೆಸಬೇಕೆಂದು ಅವರು ಹಟ ಹಿಡಿದಿದ್ದರು. 1995ರಲ್ಲಿ ತೀರಿಕೊಂಡರು, 1997ರಲ್ಲಿ ಫಿಲಡೆಲ್ಫಿಯಾದಲ್ಲಿ ಸಭೆ ನಡೆಯಿತು. ಇನ್ನೊಬ್ಬರು ಹ್ಯಾರಿಸ್ ವಾಫರ್ಡ್. ತರುಣರಿದ್ದಾಗ ಗಾಂಧಿ ವಿಚಾರ ತಿಳಿಯಲು ಹೆಂಡತಿಯೊಂದಿಗೆ ಭಾರತಕ್ಕೆ ಹೋಗಿದ್ದವರು. ಮುಂದೆ ಅಧ್ಯಕ್ಷ ಕೆನಡಿಯವರಿಗೆ ಸಲಹೆಗಾರರಾಗಿ, ಹೊರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಪೀಸ್ ಕೋರ್ ಕಟ್ಟಲು ನೆರವಾದರು, ಸೆನೆಟರ್ ಆದರು. ಜನವರಿಯಲ್ಲಿ ನಮ್ಮ ಮಕ್ಕಳು ಫುಡ್ ಬ್ಯಾಂಕಿಗೆ ಹೋಗಿ ಡಬ್ಬಿ ಜೋಡಿಸುತ್ತಾರಲ್ಲ, ಮಾರ್ಟಿನ್ ಲೂಥರ್ ಕಿಂಗ್ ಜಯಂತಿಯ ರಜೆಯನ್ನು ಹಾಗೆ ಸೇವೆಯ ದಿನವಾಗಿಸಿದ 1994ರ ಕಾಯಿದೆಯನ್ನು ಸಂಸದ ಜಾನ್ ಲೂಯಿಸ್ ಜೊತೆ ತಂದವರು ಇವರು.

ಈಗ ನಮ್ಮ ಮನೆಯ ಮಾತು. ಕಾನೂನಿನ ಪ್ರಕಾರ ನಮ್ಮದು 501(ಸಿ)(3), ಅಂದರೆ ತೆರಿಗೆ ವಿನಾಯಿತಿಯುಳ್ಳ ಲಾಭರಹಿತ ಸಂಸ್ಥೆ. ಹಣಕಾಸಿಗೆ, ತೆರಿಗೆ ಕಾಗದಕ್ಕೆ, ನಾಳೆ ಏನಾದರೂ ಎಡವಟ್ಟಾದರೆ ಅದಕ್ಕೆ ಉತ್ತರ ಕೊಡಬೇಕಾದದ್ದು ನಿರ್ದೇಶಕ ಮಂಡಳಿ. ಸಲಹಾ ಮಂಡಳಿಗೆ ಮತವೂ ಇಲ್ಲ, ಆ ಹೊಣೆಯೂ ಇಲ್ಲ. ಹೊಣೆಯಿಲ್ಲದ ಕಡೆ ಮಾತು ಜಾಸ್ತಿಯಾಗುವುದು ಸಹಜ. ಕಾರ್ಯಕ್ರಮದ ಹಿಂದಿನ ರಾತ್ರಿ "ನಮ್ಮ ಕಾಲದಲ್ಲಿ ಬಾಳೆ ಎಲೆಯಲ್ಲೇ ಬಡಿಸುತ್ತಿದ್ದೆವು" ಎಂದು ಸಂದೇಶ ಹಾಕುವ ಹಿರಿಯರ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ಸಂದೇಶ ಎರಡು ತಿಂಗಳು ಮೊದಲು, ಎಲೆ ಎಲ್ಲಿ ಸಿಗುತ್ತದೆ ಎಂಬ ವಿವರದೊಂದಿಗೆ ಬಂದರೆ ಅದು ಸಲಹೆ. ಹಿರಿಯರಿಂದ ನಮಗೆ ಬೇಕಾದದ್ದು ಬೇಕಾದಷ್ಟಿದೆ. ಸಭಾಂಗಣ ಕೊಡುವ ಶಾಲಾ ಮಂಡಳಿಯವರ ಪರಿಚಯ ಅವರಿಗುಂಟು. ಹತ್ತು ವರ್ಷದ ಹಿಂದೆ ಯಾವ ಅಡುಗೆಯವರು ಕೈಕೊಟ್ಟರು ಎಂಬ ನೆನಪುಂಟು. ಕಿರಿಯ ಪದಾಧಿಕಾರಿಯ ಮೇಲೆ ಯಾರಾದರೂ ಎಗರಾಡಿದಾಗ "ಅವಳು ಸರಿಯಾಗೇ ಮಾಡಿದ್ದಾಳೆ ಬಿಡಿ" ಎಂದು ಬಾಯಿ ಮುಚ್ಚಿಸುವ ಶಕ್ತಿಯೂ ಅವರಿಗೇ ಇರುವುದು.

ಕಾರ್ಯಕಾರಿ ಸಮಿತಿಗೂ ಒಂದು ಮಾತು. ಸ್ವಯಂಸೇವಕರ ಒಂದು ತಾಸಿಗೆ ಈ ದೇಶದಲ್ಲಿ ಬೆಲೆ ಕಟ್ಟುತ್ತಾರೆ. ಇಂಡಿಪೆಂಡೆಂಟ್ ಸೆಕ್ಟರ್ ಎಂಬ ಸಂಸ್ಥೆಯ ಲೆಕ್ಕದಲ್ಲಿ 2023ಕ್ಕೆ ಅದು 33.49 ಡಾಲರ್. ಅನುದಾನದ ಅರ್ಜಿಗಳಲ್ಲಿ ಈ ಅಂಕಿಯನ್ನು ಬಳಸಬಹುದು. ಉದ್ಯೋಗಿ ದುಡಿದ ತಾಸುಗಳಿಗೆ ತಕ್ಕಂತೆ ಸಂಘಕ್ಕೆ ಹಣ ಕೊಡುವ ಕಂಪನಿಗಳೂ ಎಷ್ಟೋ ಇವೆ. ಇದಕ್ಕೆಲ್ಲ ಯಾರು, ಎಷ್ಟು ಹೊತ್ತು, ಏನು ಮಾಡಿದರು ಎಂಬ ಹಾಜರಿ ಬೇಕು. ನಮ್ಮಲ್ಲಿ ಹಾಜರಿ ಪುಸ್ತಕವೇ ಇಲ್ಲ. ಹೈಸ್ಕೂಲು ಮಕ್ಕಳು ಸೇವಾ ತಾಸುಗಳ ಫಾರ್ಮಿಗೆ ಸಹಿ ಹಾಕಿಸಿಕೊಳ್ಳಲು ಬರುತ್ತಾರೆ. ಯಾರು ಹಾಕಬೇಕು ಎಂದು ನಾವು ಮುಖ ಮುಖ ನೋಡುತ್ತೇವೆ. ಒಂದು ಮಧ್ಯಾಹ್ನ ಆ ಹುಡುಗರನ್ನು ಸುಮ್ಮನೆ ಗೋಡೆಗೊರಗಿಸಿ ನಿಲ್ಲಿಸಿ, ಸಂಜೆ ನಾಲ್ಕು ತಾಸೆಂದು ಬರೆದುಕೊಟ್ಟರೆ, ಅವರು ಮುಂದಿನ ವರ್ಷ ಬರುವುದು ಸಹಿಗಾಗಿ ಮಾತ್ರ.

ಆದ್ದರಿಂದ ಈ ಸಲ ಸಮಿತಿ ಒಂದು ಹೊಸ ಹುದ್ದೆ ಸೇರಿಸಿದೆ: ಸ್ವಯಂಸೇವಕ ಸಂಯೋಜಕರು. ವೇದಿಕೆಯಲ್ಲಿ ಕುರ್ಚಿ ಇಲ್ಲ, ದೀಪ ಬೆಳಗುವಾಗ ಹೆಸರು ಕೂಗುವುದಿಲ್ಲ. ಕೆಲಸ ಇಷ್ಟು: ಕಾರ್ಯಕ್ರಮಕ್ಕೆ ಮೂರು ವಾರ ಮೊದಲು ಒಬ್ಬೊಬ್ಬರಿಗೂ ಫೋನು ಮಾಡಿ ಇಂಥ ಹೊತ್ತಿಗೆ ಇಂಥ ಕೆಲಸ ಎಂದು ಒಪ್ಪಿಸಬೇಕು. ಹೊಸಬರನ್ನು ಹಳಬರ ಜೊತೆ ಹಾಕಬೇಕು. ದುಡಿದವರಿಗೆ ಊಟ ಉಳಿದಿದೆಯೇ ನೋಡಬೇಕು. ಹಾಜರಿ ಬರೆಯಬೇಕು. ಮರುದಿನ ಮತ್ತೆ ಫೋನು ಮಾಡಬೇಕು. ನಾಮಪತ್ರದ ನಮೂನೆ ಈ ಸಂಚಿಕೆಯ ಕೊನೆಯ ಪುಟದಲ್ಲಿದೆ, ಕಾರ್ಯದರ್ಶಿಯವರಿಗೆ ಇ-ಮೇಲ್ ಮಾಡಿದರೂ ಆಯಿತು. ಸಲಹಾ ಮಂಡಳಿಗೆ ಇರುವ ಜಾಗಗಳಿಗಿಂತ ಹೆಚ್ಚು ಅರ್ಜಿಗಳು ಬಂದಿವೆ. ಸಂಯೋಜಕರ ಹುದ್ದೆಗೆ, ಇದನ್ನು ಬರೆಯುವ ಹೊತ್ತಿಗೆ, ಒಂದೂ ಬಂದಿಲ್ಲ.